ಉಸಿರಕ್ಕ
ಗಾಳಿ ಪರೀಕ್ಷಿಸುವ ನಮ್ಮ ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜಿನವಳನ್ನು ಎಲ್ಲರೂ ಉಸಿರಕ್ಕ ಎನ್ನುತ್ತಾರೆ. ವಾಹನಗಳ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಎಷ್ಟು ಹೊತ್ತಿನಲ್ಲಿ ಎಷ್ಟು ನಮ್ಮ ರಕ್ತಕ್ಕೆ ಸೇರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವುದು ಅವಳ ಕೆಲಸ. ಮೆಟ್ಟಿಲು ಹತ್ತಿ ಬಂದವರನ್ನು ಬಾಗಿಲಲ್ಲೇ ತಡೆದು, "ಮಾತಾಡ್ಬೇಡಿ, ಒಂದು ನಿಮಿಷ ಸುಮ್ನೆ ಉಸಿರಾಡಿ" ಎಂದು ಉಸಿರು ಎಣಿಸುತ್ತಾಳೆ. ನಾನು ಆಕಳಿಸಿದರೂ ಬರೆದುಕೊಳ್ಳುತ್ತಾಳೆ. ಗಂಡನ ಗೊರಕೆಯನ್ನೂ ಬಿಟ್ಟಿಲ್ಲವಂತೆ. ದಿನಾ ಮಧ್ಯಾಹ್ನ ಹೊಗೆ ಅಳೆಯುವ ಪೆಟ್ಟಿಗೆ ಹೊತ್ತು ಸರ್ಕಲ್‌ಗೆ ಹೋದರೆ ಅಲ್ಲಿನ ಟ್ರಾಫಿಕ್ ಪೊಲೀಸಪ್ಪ ತಾನಾಗಿಯೇ, "ಇವತ್ತು ಓಡಾಟ ಜಾಸ್ತಿ ಮೇಡಂ, ಬರ್ಕೊಳಿ" ಎನ್ನುತ್ತಾನೆ. ಅವಳ ಪರದೆಯ ಮೇಲೆ ಮನುಷ್ಯನ ದೇಹವೆಂದರೆ ಮೂರು ಚೌಕ: ಶ್ವಾಸಕೋಶ, ರಕ್ತ, ಸ್ನಾಯು. ಮೊನ್ನೆ ನೋಡಿದರೆ ರಕ್ತದ ಚೌಕಕ್ಕೆ ಇನ್ನೊಂದು ಪುಟ್ಟ ಚೌಕ ಅಂಟಿಕೊಂಡಿತ್ತು. ಅದರೊಳಗೆ ವಿಷ ನಿಧಾನವಾಗಿ ಸೇರುತ್ತಿತ್ತು, ಸೇರಿದ್ದು ಬೇಗ ಹೊರಗೆ ಬರುತ್ತಿರಲಿಲ್ಲ. "ಇದ್ಯಾರಕ್ಕ?" ಎಂದೆ. ಅವಳು ಪರದೆಯಿಂದ ಕಣ್ಣು ಕೀಳದೆ, "ನನಗೀಗ ನಾಲ್ಕನೇ ತಿಂಗಳು. ನಾಳೆಯಿಂದ ಸರ್ಕಲ್‌ಗೆ ನೀನು ಹೋಗ್ತೀಯಾ?" ಎಂದಳು. ಹೂಂ ಎಂದೆ. ಅವಳು ಆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿ, ನನ್ನ ತೂಕ ಕೇಳಿ, ಅಲ್ಲಿ ನಾನು ಎಷ್ಟು ಹೊತ್ತಿಗಿಂತ ಹೆಚ್ಚು ನಿಲ್ಲಬಾರದು ಎಂದು ಹುಡುಕತೊಡಗಿದಳು.