ಹೆಸರಿನ ಪಕ್ಕದ ಬಿ.ಕಾಂ.

ಮೊನ್ನೆ ನಮ್ಮ ಐರೋಲಿಯ ಮನೆಗೆ ಒಂದು ಮದುವೆಯ ಕಾರ್ಡು ಬಂತು. ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ್ದರು. ಹೊಸ ಕಾಗದದ ಜೊತೆ ಅದರದೂ ಒಂದು ವಾಸನೆ. ನೀವಾದರೆ ಮುಹೂರ್ತ ಯಾವಾಗ, ಊಟ ಎಲ್ಲಿ ಎಂದು ನೋಡುತ್ತೀರಿ. ನನ್ನ ಕಣ್ಣು ಮಾತ್ರ ಮೊದಲು ಹೋಗುವುದು ವಧೂವರರ ಹೆಸರಿನ ಪಕ್ಕದ ಸಣ್ಣ ಅಕ್ಷರಗಳಿಗೆ. ಎಂ.ಕಾಂ., ಬಿ.ಇ. ಎಂದು ಓದಿಕೊಂಡು, ಕಳ್ಳಿಯ ಹಾಗೆ ಮಡಚಿಟ್ಟುಬಿಡುತ್ತೇನೆ.

ಈ ಚಟ ಅಪ್ಪನಿಂದ ಬಂದದ್ದು. ಕುಂದಾಪುರದ ಕಡೆಯಿಂದ ಹೈಸ್ಕೂಲು ಮುಗಿಸದೆ ಬಂದು, ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಬಿಲ್ಲಿನ ದುಡ್ಡು ಎಣಿಸಲು ಗಲ್ಲೆಯ ಮೇಲೆ ಕೂತವರು ಅವರು. ಊರಿನ ಮದುವೆ ಕಾರ್ಡು ಬಂದರೆ ಡಿಗ್ರಿಗಳನ್ನು ದೊಡ್ಡದಾಗಿ ಓದುತ್ತಿದ್ದರು. ಏನೂ ಇಲ್ಲದ ಹೆಸರು ಕಂಡರೆ, "ಪಾಪ, ಬೋಳು ಹೆಸರು" ಎನ್ನುತ್ತಿದ್ದರು.

ನನ್ನ ಹೆಸರು ಬೋಳಾಗಬಾರದೆಂದು ಠಾಣೆಯ ಕಾಲೇಜಿಗೆ ಸೇರಿಸಿದರು. ಏಳು ಗಂಟೆಗೆ ಕ್ಲಾಸು. ಲೋಕಲ್ ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೆ ಮುಂಬ್ರಾ ದಾಟಿದ ಮೇಲೆ ಖಾಡಿಯ ಹಿನ್ನೀರು, ಮಂಜು, ಅದರೊಳಗೆ ಕರಗಿದ ಒಂದೆರಡು ದೋಣಿ. ನೋಡುತ್ತಾ ನೋಡುತ್ತಾ ಎಲ್ಲಿಗೆ ಹೊರಟಿದ್ದೇನೆಂಬುದೇ ಮರೆಯುತ್ತಿತ್ತು.

ಎರಡನೆಯ ವರ್ಷದ ಫೀಸಿನ ಸಮಯ. ಅಪ್ಪ ಗಲ್ಲೆಯಿಂದ ಎದ್ದು ಯಜಮಾನರ ಎದುರು ಅಡ್ವಾನ್ಸಿಗಾಗಿ ಕೈಕಟ್ಟಿ ನಿಂತದ್ದನ್ನು ಹೋಟೆಲಿನ ಬಾಗಿಲಿನಿಂದಲೇ ಕಂಡೆ. ಸಂಕಟವಾಯಿತು. ಅದೇ ತಿಂಗಳು ಐರೋಲಿಯ ಕಾಲ್ ಸೆಂಟರಿನಲ್ಲಿ ಸಂಜೆಯ ಪಾಳಿಗೆ ಸೇರಿದೆ. ಫೀಸಿಗಾಗಿ ಕೆಲಸ ಹಿಡಿದವಳು ಕೆಲಸದ ದಣಿವಿಗೆ ಕ್ಲಾಸು ತಪ್ಪಿಸತೊಡಗಿದೆ. ಬೆಳಗಿನ ಗಾಡಿಯಲ್ಲಿ ನಿದ್ದೆ ಹತ್ತಿ, ಕಣ್ಣು ಬಿಟ್ಟರೆ ಠಾಣೆ ಹಿಂದೆ ಬಿದ್ದು ಘಾಟ್ಕೋಪರ್ ಬಂದಿರುತ್ತಿತ್ತು. ಅಕೌಂಟ್ಸ್ ಕೈಕೊಟ್ಟಿತು. ನಮ್ಮಲ್ಲಿ ಒಂದೆರಡು ವಿಷಯದಲ್ಲಿ ಬಿದ್ದರೂ ಮುಂದಿನ ಕ್ಲಾಸಿಗೆ ಬಿಡುತ್ತಾರೆ, ಅದಕ್ಕೆ 'ಕೇಟಿ' ಎನ್ನುತ್ತೇವೆ. ಆ ಉದಾರತೆಯಿಂದ ನನ್ನಂಥವರಿಗೆ ಕಾಲ ಮುಗಿಯುವುದೇ ಇಲ್ಲ ಎನಿಸಿಬಿಡುತ್ತದೆ. ಕೊನೆಯ ವರ್ಷದ ಪರೀಕ್ಷೆಗೆ ರಜೆ ಸಿಗಲಿಲ್ಲ. ಮುಂದಿನ ಸಲ ಎಂದುಕೊಂಡೆ. ಕಾಲೇಜು ಬಿಟ್ಟದ್ದು ಯಾವ ದಿನ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಮೈಸೂರಿನ ಕಡೆಯ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಅಪ್ಪ ಪ್ರೆಸ್ಸಿನಿಂದ ಕಾರ್ಡಿನ ಕಟ್ಟು ಹೊತ್ತುಕೊಂಡು ಬಂದರು. ಚಿ. ಸೌ. ಎಂದು ನನ್ನ ಹೆಸರು, ಪಕ್ಕದಲ್ಲಿ ಬಿ.ಕಾಂ.

"ಅಪ್ಪಾ, ನಂದು ಮುಗೀಲಿಲ್ಲ ಅಲ್ದಾ?"

"ಒಂದು ವರ್ಷ ಬಾಕಿ, ಅಷ್ಟೇ ಅಲ್ದಾ ಮಗಾ? ಮದುವೆ ಆದ್ಮೇಲೆ ಬರೆದ್ರಾಯ್ತು. ಈಗ ಹಾಕದಿದ್ರೆ ಮತ್ತೆ ಯಾವ ಕಾರ್ಡಿಗೆ ಹಾಕೂದು?"

ನಾನು ಸುಮ್ಮನಾದೆ. ವಿಶ್ವವಿದ್ಯಾಲಯ ಕೊಡದ್ದನ್ನು ಡೊಂಬಿವಲಿಯ ಪ್ರೆಸ್ಸು ಒಂದೇ ದಿನದಲ್ಲಿ ಕೊಟ್ಟಿತ್ತು.

ಆ ಮೌನ ದುಬಾರಿಯಾಯಿತು. ಆಫೀಸಿನಲ್ಲಿ ನಾನೇ ಕೆಲಸ ಕಲಿಸಿದ ಹುಡುಗಿ ನನ್ನ ಟೀಮ್ ಲೀಡರ್ ಆದಳು. ಅವಳ ಬಳಿ ಡಿಗ್ರಿಯಿತ್ತು. ಅಂಥ ಬಡ್ತಿಗಳೆಲ್ಲ ನನಗೂ ಸಿಕ್ಕಿದ್ದರೆ ಈ ಮನೆಗೆ ಇನ್ನೊಂದು ಕೋಣೆ ಇರುತ್ತಿತ್ತು. ಇವರು ಬ್ಯಾಂಕಿನ ಕೆಲಸದ ಜಾಹೀರಾತು ಕತ್ತರಿಸಿ ತಂದುಕೊಟ್ಟಾಗಲೆಲ್ಲ, "ನಂಗೆ ಬ್ಯಾಂಕು ಇಷ್ಟ ಇಲ್ಲ" ಎನ್ನುತ್ತಿದ್ದೆ. ನಿಜ ಹೇಳಿದರೆ ಅಪ್ಪ ಸುಳ್ಳುಗಾರರಾಗುತ್ತಾರೆ. ಆ ಹೆದರಿಕೆಯಲ್ಲೇ ಹತ್ತು ವರ್ಷ ಹೋಯಿತು. ಜಾಹೀರಾತು ತರುವುದನ್ನು ಇವರೂ ನಿಲ್ಲಿಸಿದರು.

ಮೊನ್ನೆ ಆ ಕಾರ್ಡನ್ನು ಇವರು ನನ್ನ ಕೈಯಿಂದ ತೆಗೆದುಕೊಂಡು ಹಾಲ್ ಎಲ್ಲಿದೆ ಎಂದು ಹುಡುಕುತ್ತಿದ್ದರು. ಏನನ್ನಿಸಿತೋ, ಹೇಳಿಬಿಟ್ಟೆ. ಬಿ.ಕಾಂ. ಆಗಿಲ್ಲ, ಕೊನೆಯ ವರ್ಷ ಬರೆದೇ ಇಲ್ಲ ಎಂದೆ.

ಇವರು ಕಾರ್ಡನ್ನು ಮಡಚಿ ಕೆಳಗಿಟ್ಟರು. "ಬ್ಯಾಂಕ್ ಬೇಡ ಅಂತಿದ್ದಿದ್ದು ಇದಕ್ಕಾ?"

"ಹೂಂ."

"ನಿಂಗೆ ಮುಂದೆ ಬರೋ ಆಸೆನೇ ಇಲ್ಲ ಅಂದ್ಕೊಂಡು ಸುಮ್ಮನಾದೆ ಕಣೇ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದಕ್ಕೆ ಅಳು ಬಂತು. ನನಗೆ ಆಸೆ ಇತ್ತು, ಬೇಕಾದಷ್ಟಿತ್ತು.

ವಿಚಾರಿಸಿದೆವು. ಹಳೆಯ ಸಿಲಬಸ್ ಎಂದೋ ಮುಚ್ಚಿಹೋಗಿದೆ. ಅಂಚೆ ಶಿಕ್ಷಣದಲ್ಲಿ ಮೊದಲ ವರ್ಷದಿಂದಲೇ ಶುರುಮಾಡಬೇಕಂತೆ. ಇವರು ಫಾರ್ಮ್ ತಂದು ಮೇಜಿನ ಮೇಲಿಟ್ಟರು. ನಿನ್ನೆ ಡೊಂಬಿವಲಿಗೆ ಫೋನು ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ನೊಂದುಕೊಂಡರೇನೋ ಎಂದು ಹೆದರಿದೆ.

"ಫೀಸು ಎಷ್ಟಂತೆ?" ಎಂದರು.

"ಇವರು ಕಟ್ತಾರಂತೆ ಅಪ್ಪಾ."

"ಬೇಡ ಮಗಾ. ಅವತ್ತು ನೀನು ಹೋಟೆಲಿನ ಬಾಗಿಲಲ್ಲಿ ನಿಂತದ್ದನ್ನ ನಾನೂ ಕಂಡಿದ್ದೆ. ಈ ಸಲ ನಾನೇ ಕಟ್ತೆ."