ಸಲೀಂ ಸಾಬರು ಬೆವರಿದ್ದು

ಪೋಕರ್ ಆಟ ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಅದರ ಮಾತುಗಳು ಮಾತ್ರ ಎಲ್ಲವೂ ಬರುತ್ತವೆ. ಸಾರು ಮಾಡಲು ಬಾರದವನಿಗೆ ಮಸಾಲೆಗಳ ಹೆಸರೆಲ್ಲ ಗೊತ್ತಿರುವ ಹಾಗೆ.

ಮಂಡ್ಯದಿಂದ ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ದಿನವೂ ಕೆಲಸಕ್ಕೆ ಹೋಗುವವರು ನಾವು ಮೂವರು: ನಾನು, ಕೊತ್ತತ್ತಿಯ ಬೋರೇಗೌಡ, ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವ ಸಲೀಂ ಸಾಬರು. ಮೊಣಕಾಲುಗಳ ಮೇಲೆ ಟವೆಲ್ ಹಾಸಿ ವರ್ಷಗಟ್ಟಲೆ ರಮ್ಮಿ ಆಡಿದ್ದೆವು. ಬೋರೇಗೌಡ ಮಳವಳ್ಳಿಯ ಬಾಮೈದನಿಂದ ಪೋಕರ್ ಕಲಿತು ಬಂದ. "ರಮ್ಮಿ ಮುದುಕ್ರಾಟ ಕಣ್ಲಾ, ಬುಡು" ಎಂದ. ದುಡ್ಡು ಕಟ್ಟಲು ಪೊಲೀಸರ ಭಯ, ಕಡಲೆಕಾಯಿ ಕಟ್ಟಿದೆವು. ಬೋರೇಗೌಡ ತನ್ನ ಬಂಡವಾಳವನ್ನು ತಾನೇ ಸುಲಿದು ತಿಂದು ದಿವಾಳಿಯಾಗುತ್ತಿದ್ದ.

ಎಲೆ ಕೆಳಗಿಟ್ಟು ಹಿಂದೆ ಸರಿದರೆ ಫೋಲ್ಡ್. ಎದುರಿನವನು ಕಟ್ಟಿದಷ್ಟೇ ಕಟ್ಟಿದರೆ ಕಾಲ್. ಇಲ್ಲದ ಎಲೆ ಇದೆಯೆಂದು ನಂಬಿಸಿದರೆ ಬ್ಲಫ್. ಇದ್ದುದನ್ನೆಲ್ಲ ಮುಂದಕ್ಕೆ ತಳ್ಳಿದರೆ ಆಲ್ ಇನ್. ಯಾವ ಸೀಮೆಯಿಂದಲೋ ಬಂದ ಇಸ್ಪೀಟು, ಆಟೀನುಗಳನ್ನು ನಮ್ಮ ಅಜ್ಜಂದಿರು ಮನೆಯ ಮಾತಾಗಿ ಪಳಗಿಸಿದ್ದರು. ಈ ಮಾತುಗಳಿಗೆ ನಾವೇ ಪಳಗಿದೆವು. ನನಗೆ ಬಹಳ ಹಿಡಿಸಿದ್ದು 'ಟೆಲ್'. ಕೈಯಲ್ಲಿರುವ ಎಲೆಯನ್ನು ಮೈ ಬಿಟ್ಟುಕೊಡುವ ಗುರುತು ಅದು. ನನ್ನ ಕಿವಿ ಕೆಂಪಾಗುತ್ತದಂತೆ. ಒಳ್ಳೆಯ ಎಲೆ ಬಂದರೆ ಬೋರೇಗೌಡ ಅಗಿಯುವುದನ್ನು ನಿಲ್ಲಿಸುತ್ತಾನೆ. ಸಲೀಂ ಸಾಬರ ಮುಖ ಮಾತ್ರ ಎಳೆದ ಶಟರು. ಎಷ್ಟು ನೋಡಿದರೂ ಏನೂ ಸಿಗುತ್ತಿರಲಿಲ್ಲ.

ಒಂದು ದಿನ ಹನಕೆರೆ ಸ್ಟೇಷನ್ ದಾಟಿದ ಮೇಲೆ ಸಿಕ್ಕಿತು. ನಾನು ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಸಾಬರ ಹಣೆಯ ಮೇಲೆ ಬೆವರು ಮೂಡಿತು. ಬಲಗೈ ಎಡಭುಜವನ್ನು ಉಜ್ಜಿತು. ಆಮೇಲೆ ಅದೇ ಕೈ ಎಲ್ಲ ಕಡಲೆಕಾಯಿಯನ್ನೂ ಟವೆಲ್ಲಿನ ನಡುವಿಗೆ ತಳ್ಳಿತು.

"ಆಲ್ ಇನ್" ಎಂದರು.

ಬೋರೇಗೌಡನಿಗೆ ಹಿಗ್ಗೋ ಹಿಗ್ಗು. "ಬ್ಲಫ್ ಕಣ್ಲಾ! ಬೆವರ್ತಾವ್ರೆ ನೋಡು! ಸಾಬ್ರೇ, ಸಿಕ್ಕಾಕ್ಕೊಂಡ್ರಿ!"

ನನಗೂ ಅದೇ ಅನ್ನಿಸಿತ್ತು. ಇಬ್ಬರೂ ಒಟ್ಟಿಗೆ ಕಾಲ್ ಎಂದೆವು. ಸಾಬರು ಎಲೆ ತೋರಿಸಲಿಲ್ಲ. ಅವು ಬೆರಳಿನಿಂದ ಜಾರಿದವು.

"ಗೌಡ್ರೇ, ಎದೆ ಮ್ಯಾಲೆ ಯಾರೋ ಕೂತಂಗಾಯ್ತದೆ."

ಮದ್ದೂರಿನಲ್ಲಿ ವಡೆ ಮಾರುವವರು ಹತ್ತುತ್ತಿದ್ದ ಬಾಗಿಲಿನಲ್ಲೇ ಅವರನ್ನು ಹೊತ್ತು ಇಳಿಸಿದೆವು. ಆಟೋ, ಆಸ್ಪತ್ರೆ, ಬೆಂಚು. ಒಳಗಿನಿಂದ ಡಾಕ್ಟರು ಬಂದರು. ಮುಖ ಓದುವುದರಲ್ಲಿ ಆಗಷ್ಟೇ ಪಂಡಿತರಾಗಿದ್ದ ನಾವಿಬ್ಬರೂ ಅವರ ಹುಬ್ಬು, ತುಟಿ, ಕೈಬೆರಳು ಎಲ್ಲವನ್ನೂ ಓದಿದೆವು. ಏನೂ ಸಿಗಲಿಲ್ಲ. ಆ ಮನುಷ್ಯ ಪೋಕರಿಗೆ ಕೂತಿದ್ದರೆ ನಮ್ಮ ಜಮೀನು ಉಳಿಯುತ್ತಿರಲಿಲ್ಲ.

"ಹೃದಯಾಘಾತ. ಬೇಗ ತಂದಿದ್ದಕ್ಕೆ ಉಳಿದ್ರು. ಇನ್ನು ಮೈಸೂರಿಗೆ ಕಳಿಸ್ತೀವಿ" ಎಂದರು, ಅದೇ ಮುಖದಲ್ಲಿ.

ನಮಗೆ ಬ್ಲಫ್ ಕಲಿಸಿದ ಗುರು ಬೋರೇಗೌಡ ಅಲ್ಲೇ ನೆಲಕ್ಕೆ ಕೂತು ಗೊಳೋ ಎಂದು ಅತ್ತ. ನರ್ಸಮ್ಮ ಗದರಿಸಿದರು: "ಬದ್ಕವ್ರೆ ಕಣಯ್ಯಾ! ಅದಕ್ಯಾಕ್ ಅಳ್ತೀಯ?"

ಆಂಬುಲೆನ್ಸಿಗೆ ಹತ್ತಿಸುವಾಗ ಬೋರೇಗೌಡ ಮೂಗು ಒರೆಸಿಕೊಳ್ಳುತ್ತ, "ಅಲ್ಲ ಸಾಬ್ರೇ, ನೋಯ್ತದೆ ಅಂತ ಒಂದ್ ಮಾತು ಯೋಳ್ಬಾರ್ದಾಗಿತ್ತಾ?" ಎಂದ.

ಸಾಬರು ಕಣ್ಣು ಬಿಡದೆಯೇ ಹೇಳಿದರು: "ಆಟ ಬೇಗ ಮುಗೀಲಿ ಅಂತ ಎಲ್ಲಾನೂ ತಳ್ಳಿದ್ನಲ್ಲಪ್ಪ. ನೋಯ್ತದೆ ಅಂದಿದ್ರೆ, ಅದ್ನೂ ಬ್ಲಫ್ ಅಂತಿದ್ರಿ ನೀವು."

ಅನ್ನುತ್ತಿದ್ದೆವು. ಸಂಶಯವೇ ಇಲ್ಲ.

ಈಗ ಸಾಬರು ಗುಣವಾಗಿ ಮತ್ತೆ ಬರುತ್ತಿದ್ದಾರೆ, ನಾವು ಮತ್ತೆ ಆಡುತ್ತಿದ್ದೇವೆ. ಯಾರಾದರೂ ಹಣೆ ಒರೆಸಿಕೊಂಡರೆ ಉಳಿದಿಬ್ಬರೂ ಎಲೆ ಕವುಚಿಟ್ಟು "ಏನಾಯ್ತು?" ಎಂದು ಕೇಳುತ್ತೇವೆ. ಕೇಳಿದವನಿಗೆ ನಿಜ ಹೇಳಬೇಕೆಂಬುದು ನಮ್ಮ ಕರಾರು. ಕೆಟ್ಟ ಎಲೆ ಬಂದಿದ್ದರೆ ಅದನ್ನೂ ಹೇಳಿಬಿಡುತ್ತೇವೆ. ಇದರಿಂದ ನಮ್ಮ ಪೋಕರ್ ಪೂರ್ತಿ ಕೆಟ್ಟುಹೋಗಿದೆ.