ಕುಳ್ಳಯ್ಯನ ಕಾರ್ಡು, ದ್ಯಾವಮ್ಮನ ತಾರಸಿ

ಚಿನಕುರಳಿಯ ಕುಳ್ಳಯ್ಯ ಮೇಸ್ತ್ರಿಗೆ ಮನೆ ಕಟ್ಟುವವರ ಸಂಘದ ಕಾರ್ಡು ಸಿಕ್ಕಿದ್ದೇ ಸಿಕ್ಕಿದ್ದು, ಅದು ಅವನ ಕೊರಳಿಂದ ಇಳಿಯಲೇ ಇಲ್ಲ. ಡೇರಿಗೆ ಹಾಲು ಹಾಕಲು ಹೋದರೂ ಕಾರ್ಡು, ಬೀಗರ ಮನೆ ತಿಥಿಗೆ ಹೋದರೂ ಕಾರ್ಡು. ಪಾಂಡವಪುರದ ಆ ಸಂಘದಲ್ಲಿ ಅವನದೊಂದು ಹೆಗ್ಗಳಿಕೆಯೂ ಇತ್ತು. ಒಬ್ಬ ಮೆಂಬರು ಪಾಯ ಹಾಕಿದ ಮನೆಗೆ ಅವನ ಒಪ್ಪಿಗೆಯಿಲ್ಲದೆ ಇನ್ನೊಬ್ಬ ಮೆಂಬರು ಕರಣೆ ಹಿಡಿಯಕೂಡದು ಎಂಬ ನಿಯಮವನ್ನು ಮೇಜು ಗುದ್ದಿ ಪಾಸು ಮಾಡಿಸಿದವನು ಅವನೇ.

ಅಂಥ ಮಹಾನುಭಾವನ ಸ್ವಂತ ಮನೆ ಮಾತ್ರ ಗೋಡೆ ಎದ್ದು, ತಾರಸಿಯಿಲ್ಲದೆ ಆಕಾಶ ನೋಡುತ್ತ ನಿಂತಿತ್ತು. ಗಂಡ ಹೆಂಡತಿ ಪಕ್ಕದ ಶೀಟಿನ ಕೊಟ್ಟಿಗೆಯಲ್ಲಿ ಎಮ್ಮೆಯ ಜೊತೆಗೇ ಸಂಸಾರ ಮಾಡಿಕೊಂಡಿದ್ದರು. ದುಡ್ಡಿಲ್ಲ ಅಂತಲ್ಲ, ಕಬ್ಬಿಣ, ಜಲ್ಲಿ ಎಲ್ಲ ಅಂಗಳದಲ್ಲೇ ಬಿದ್ದಿತ್ತು. ಊರವರ ತಾರಸಿ ಮೋಲ್ಡು ಮುಗಿದರೆ ತಾನೇ ನಮ್ಮದು ಅನ್ನುತ್ತಿದ್ದ. ಜೊತೆಗೆ ಅವನಿಗೆ ಒಳಗೊಳಗೇ ಒಂದು ಆಸೆ. ತನ್ನ ತಾರಸಿಯನ್ನು ತನ್ನ ಕೈಯಾರೆ, ಯಾರೂ ಬೆರಳು ತೋರಿಸದ ಹಾಗೆ ಹಾಕಬೇಕು.

ಹೆಂಡತಿ ದ್ಯಾವಮ್ಮ ಕೇಳಿ ಕೇಳಿ ಸಾಕಾಗಿ, ಸಂಘದ ಅಧ್ಯಕ್ಷ ಕರಿಯಪ್ಪ ಮೇಸ್ತ್ರಿಯನ್ನೇ ಹಿಡಿದಳು. ಅವನು ಕೈಮುಗಿದುಬಿಟ್ಟ.

“ಆಗಲ್ಲ ಕಣವ್ವಾ. ಪಾಯ ಆಕಿರೋನು ನಿನ್ ಗಂಡ. ಅವ್ನು ಒಪ್ದೆ ನಾನು ಕರಣೆ ಮುಟ್ಟಂಗಿಲ್ಲ. ಆ ನಿಯಮ ಮಾಡ್ಸಿದೋನೂ ಅವ್ನೇಯ.”

“ಅಂಗಾ?” ಎಂದ ದ್ಯಾವಮ್ಮ ಮುಂದಿನ ಮೀಟಿಂಗಿಗೆ ಬಸ್ಸು ಹತ್ತಿ ಬಂದೇಬಿಟ್ಟಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಕುಳ್ಳಯ್ಯ ಅವಳನ್ನು ನೋಡಿ ಹಲ್ಲು ಕಡಿದ. ಅವಳು ಅವನ ಕಡೆ ತಿರುಗಲೂ ಇಲ್ಲ.

“ಅಧ್ಯಕ್ಷರೇ, ಸೈಟು ನನ್ ಎಸ್ರಲ್ಲಿ ಅದೆ, ನಾನು ಓನರು. ನಿಮ್ ಮೆಂಬರೊಬ್ರು ಗೋಡೆ ಎಬ್ಬಿಸ್ಬುಟ್ಟು ನಾಪತ್ತೆ. ಊರಿಗೆ ಉಪಕಾರಿ, ಮನೆಗೆ ಮಾರಿ. ನ್ಯಾಯ ಮಾಡಿ.”

“ಯಾರವ್ವಾ ಆ ಮೇಸ್ತ್ರಿ?” ಗೊತ್ತಿದ್ದೂ ಕೇಳಿದ ಕರಿಯಪ್ಪ.

“ಅಗೋ, ಕಾರ್ಡು ನೀವಿಕೊಂಡು ಕುಂತವ್ರಲ್ಲ, ಅವ್ರೇ.”

ಸಭೆ ಬಿದ್ದು ಬಿದ್ದು ನಕ್ಕಿತು. ಕರಿಯಪ್ಪ ತೀರ್ಪು ಕೊಟ್ಟ: “ಒಪ್ಗೆ ಕೊಡು, ಇಲ್ಲಾ ಕಾರ್ಡು ಕೊಡು ಕಣ್ಲಾ.”

ಒಪ್ಪಿಗೆ ಕೊಡದೆ ಕಾರ್ಡು ಬಿಟ್ಟರೆ ತಾರಸಿಯನ್ನು ತಾನೇ ಹಾಕಬಹುದು. ಆದರೆ ಯಾವಾಗ ಎಂದು ಕುಳ್ಳಯ್ಯನ ಮನಸ್ಸೇ ಅವನನ್ನು ಕೇಳಿತು. ಹೆಂಡತಿಯ ಮುಖ ನೋಡಿದ. ಎಲ್ಲರೂ ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ.

“ಒಪ್ಗೆ,” ಎಂದ.

ಮೋಲ್ಡಿನ ದಿನ ಸಂಘಕ್ಕೆ ಸಂಘವೇ ಬಂದಿಳಿಯಿತು. ಬಾಡೂಟದ ವಾಸನೆಗೆ ಬಂದವರೂ ಇದ್ದರೆನ್ನಿ. “ಓನರು ಬನ್ರಪ್ಪಾ, ಮೊದಲ್ನೆ ಬಾಂಡ್ಲಿ ನಿಮ್ದು,” ಎಂದು ಕರಿಯಪ್ಪ ಕರೆದ. ಜೀವಮಾನವೆಲ್ಲ ಇನ್ನೊಬ್ಬರನ್ನು ಹಾಗೆ ಕರೆದ ಕುಳ್ಳಯ್ಯ ನಾಚಿಕೊಂಡು, ದ್ಯಾವಮ್ಮನ ಜೊತೆ ಕಾಂಕ್ರೀಟಿನ ಬಾಂಡ್ಲಿ ಹಿಡಿದು ಸುರಿದ. ಸುರಿದವನೇ ಮಟ್ಟ ಮಾಡಲು ಕರಣೆಗೆ ಕೈ ಹಾಕಿದ. ದ್ಯಾವಮ್ಮ ಆ ಕೈಗೆ ಪಟ್ಟನೆ ಒಂದು ಕೊಟ್ಟಳು. ಆಮೇಲೆ ಅವನು ಕುರ್ಚಿಯಲ್ಲಿ ಕೂತು, ಓನರುಗಳು ಮಾಡುವ ತಕರಾರನ್ನೆಲ್ಲ ಒಂದೂ ಬಿಡದೆ ಮಾಡಿದ. ಮಾರನೆಯ ದಿನದಿಂದ ಕರಿಯಪ್ಪನ ಫೋನು: “ಓನರೇ, ತಾರಸಿಗೆ ನೀರು ಬುಟ್ರಾ?”

ಸೆಂಟ್ರಿಂಗ್ ಹಲಗೆ ಬಿಚ್ಚಿದ ಮೇಲೆ ಕುಳ್ಳಯ್ಯ ತಾರಸಿಯ ಕೆಳಗೆ ಕತ್ತೆತ್ತಿಕೊಂಡು ಮೂಲೆ ಮೂಲೆ ಹುಡುಕಿದ. ಕೊನೆಗೂ ಒಂದು ಕಡೆ ಕೂದಲೆಳೆಯಷ್ಟು ಡೊಂಕು ಸಿಕ್ಕಿತು. ಹಿಗ್ಗಿ ಹೆಂಡತಿಯನ್ನು ಕರೆದು ತೋರಿಸಿದ.

ದ್ಯಾವಮ್ಮ ಮೇಲೆ ನೋಡಿದಳು. “ನೀವೇ ಆಕಿದ್ರೆ ಇದ್ಕಿಂತ ಸಂದಾಕೆ ಆಕ್ತಿದ್ರಿ,” ಎಂದಳು. “ಆದ್ರೆ ಆಕ್ತಿರ್ನಿಲ್ಲ.”